ಬೋಧಕನ ಬಾಯಿ, ಸಭೆಯ ಕಿವಿ

ಬಳ್ಳಾರಿಗೆ ಸಮೀಪದ ಕೊಳಗಲ್ಲು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತೀರಿಕೊಂಡು ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿಯನ್ನು ಸಾರುವ ಕ್ರಿ. ಶ. 967ರ ಶಾಸನವು ಅಲ್ಲಿಯದು. ಅರಸರ ವಾರ್ತೆಗೆ ಕಲ್ಲು ದೊರೆತಿತ್ತು, ಕೊರೆಯುವ ಕೈಯೂ ದೊರೆತಿತ್ತು. ಎಂಟು ಶತಮಾನಗಳಿಗೂ ಮಿಕ್ಕಿದ ಕಾಲದ ತರುವಾಯ ಇದೇ ಸೀಮೆಗೆ ಬಂದ ಇನ್ನೊಂದು ವಾರ್ತೆಗೆ ಆ ಸೌಕರ್ಯವಿರಲಿಲ್ಲ. ಕ್ರೈಸ್ತರು 'ಸುವಾರ್ತೆ'ಯೆಂದು ಕರೆಯುವ ಆ ವಾರ್ತೆಯು ಬಾಯಿಂದ ಕಿವಿಗೇ ನಡೆಯಬೇಕಾಗಿತ್ತು.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕೋಟೆ, ದಂಡು, ಪೇಟೆ ಕೂಡಿದ್ದ ಆ ಊರಿನಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದುವು. ದಂಡಿನ ಕಡೆ ಇಂಗ್ಲಿಷು, ತಮಿಳು. ಉಪದೇಶ ಮಾಡಬೇಕೆಂದು ಸಮುದ್ರ ದಾಟಿ ಬಂದವನು ಮೊದಲು ಬಾಯಿ ಮುಚ್ಚಿ ಕೇಳುವುದನ್ನು ಕಲಿಯಬೇಕಾಯಿತು. ಅಂದು ಕೈಗೆಟಕುವಂಥ ಕನ್ನಡ-ಇಂಗ್ಲಿಷು ನಿಘಂಟು ಇರಲಿಲ್ಲ. ಹ್ಯಾಂಡ್ಸನ ಜೊತೆಗಾರನಾದ ವಿಲಿಯಂ ರೀವ್ ಸ್ವತಃ ಅದನ್ನು ಕಟ್ಟಬೇಕಾಯಿತು. ಅವನ ಇಂಗ್ಲಿಷು-ಕನ್ನಡ ಕೋಶ 1824ರಲ್ಲಿಯೂ ಕನ್ನಡ-ಇಂಗ್ಲಿಷು ಕೋಶ 1832ರಲ್ಲಿಯೂ ಹೊರಬಂದುವು. ಹ್ಯಾಂಡ್ಸನ ಶ್ರಮದಿಂದ 1831ರ ವೇಳೆಗೆ ಕನ್ನಡದಲ್ಲಿ ಸಂಪೂರ್ಣ ಸತ್ಯವೇದವು ಸಿದ್ಧವಾಯಿತು. ಪ್ರಸಂಗ ಪೀಠದ ಮೇಲೆ ನಿಂತು ಅರ್ಧ ಗಂಟೆ ಮಾತನಾಡುವುದಕ್ಕೆ ಇಪ್ಪತ್ತು ವರ್ಷಗಳ ಸಿದ್ಧತೆ! ಇಂದಿನ ಭಾಷಣಕಾರರಲ್ಲಿ ಅನೇಕರು ಈ ಲೆಕ್ಕವನ್ನು ಒಪ್ಪಲಾರರು.

ಬಳ್ಳಾರಿಯ ಈ ಬೋಧಕರು ಹಂಪೆಯ ಜಾತ್ರೆಗೂ ಹೋಗುತ್ತಿದ್ದರು. ತೇರು ಎಳೆಯಲು ಬಂದ ಜನಸಮುದಾಯದ ನಡುವೆ ನಿಂತು ಮಾತನಾಡುವುದು, ಚಿಕ್ಕ ಪುಸ್ತಕಗಳನ್ನು ಹಂಚುವುದು ಅವರ ಪದ್ಧತಿ. ಕೇಳುವವರಿಗೆ ಕುತೂಹಲವಿರುತ್ತಿತ್ತು; ಮತವನ್ನು ಬದಲಿಸಿದವರು ಬಹು ಸ್ವಲ್ಪ. ಕೂಡಿದ ಜನರ ಸಂಖ್ಯೆಯಿಂದ ಅಳೆದರೆ ಇದು ದೊಡ್ಡ ಕೆಲಸ, ಸೇರಿದ ಜನರ ಸಂಖ್ಯೆಯಿಂದ ಅಳೆದರೆ ಕಿರಿದು. ಹಾಗಾದರೆ ಉಪದೇಶದಿಂದ ಬಂದ ಪ್ರಯೋಜನವಾದರೂ ಏನು? ಅದನ್ನು ಜಾತ್ರೆಯ ಬಯಲಿನಲ್ಲಿ ಹುಡುಕುವುದಕ್ಕಿಂತ ಭಾನುವಾರದ ಸಭೆಯೊಳಗೆ ಹುಡುಕುವುದು ಮೇಲು.

ಆ ಕಾಲದ ಹಳ್ಳಿಯ ಸಭೆಗಳಲ್ಲಿ ಅಕ್ಷರ ಬಲ್ಲವರು ಕಡಿಮೆ. ಅವರ ಪಾಲಿಗೆ ಕಿವಿಯೇ ಗ್ರಂಥ. ನಂಬಿಕೆಯು ಕೇಳುವುದರಿಂದಲೇ ಹುಟ್ಟುತ್ತದೆಂಬ ಪೌಲನ ಅಭಿಪ್ರಾಯವು ಇಲ್ಲಿ ತತ್ತ್ವವಾಗಿರದೆ ನಿತ್ಯದ ಸ್ಥಿತಿಯಾಗಿತ್ತು. ಆದರೆ ಕೇಳುವವನು ಬರಿಯ ಪಾತ್ರೆಯಲ್ಲ, ಪರೀಕ್ಷಕನೂ ಹೌದು. ಏಸುವು ಹೇಳಿದ ಬಿತ್ತುವವನ ಸಾಮ್ಯವನ್ನು ನೋಡಬಹುದು. ಬಿತ್ತುವಾಗ ಕೆಲವು ಕಾಳು ದಾರಿಯ ಮೇಲೆ, ಕೆಲವು ಕಲ್ಲುನೆಲದಲ್ಲಿ, ಕೆಲವು ಮುಳ್ಳಿನ ನಡುವೆ ಬಿದ್ದುವೆಂದು ಕಥೆ. ಬಳ್ಳಾರಿಯ ಎರೆಭೂಮಿಯ ಒಕ್ಕಲಿಗನಾದರೋ ಕೂರಿಗೆಯಿಂದ ಸಾಲು ಹಿಡಿದು ಬಿತ್ತುವವನು. ಕೂರಿಗೆಯ ಬಟ್ಟಲಿಗೆ ಬಿಟ್ಟ ಕಾಳು ದಾರಿಗೆ ಬೀಳುವುದೆಂತು? ಅಂಥ ಬೇಸಾಯಗಾರನನ್ನು ಅವನು ದಡ್ಡನೆಂದೇ ಎಣಿಸುವನು! ಪಾಲೆಸ್ತೀನದಲ್ಲಿ ಕೈಯಿಂದ ಎರಚಿ ಬಿತ್ತುವ ರೂಢಿಯಿತ್ತೆಂದು ತಿಳಿಸಿ ಹೇಳಬಲ್ಲ ಬೋಧಕನಿಗೆ ಮಾತ್ರ ಅಲ್ಲಿ ಮರ್ಯಾದೆ. ಅದಕ್ಕೆ ಪ್ರತಿಯಾಗಿ ಸತ್ಯವೇದದ ಮುಂಗಾರು ಹಿಂಗಾರು ಮಳೆಗಳ ಪ್ರಸ್ತಾಪಕ್ಕೆ ಇಂಗ್ಲೆಂಡಿನ ಕೇಳುಗನಿಗೆ ಟಿಪ್ಪಣಿ ಬೇಕಾದೀತು. ಮಳೆಗಾಗಿ ಆಕಾಶ ನೋಡುವ ಈ ಸೀಮೆಯವನಿಗೆ ಒಂದು ಮಾತೂ ಬೇಡ. ಹೀಗೆ ಸಭೆಯು ಬೋಧಕನನ್ನು ತಿದ್ದುತ್ತದೆ. ತಿದ್ದಿಸಿಕೊಳ್ಳದವನ ಪ್ರಸಂಗವು ಎಷ್ಟು ಶುದ್ಧವಾಗಿದ್ದರೂ ನಿದ್ದೆಗೆ ಅನುಕೂಲ. ಪೌಲನಂಥವನೇ ತ್ರೋವದಲ್ಲಿ ನಡುರಾತ್ರಿಯವರೆಗೆ ಮಾತನಾಡುತ್ತಿದ್ದಾಗ, ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ತರುಣನು ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಬಿದ್ದನೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆ. ತಮ್ಮ ಮೂಲಪುರುಷರ ಪ್ರಸಂಗದ ಈ ಫಲವನ್ನು ಮುಚ್ಚಿಡದೆ ಬರೆದಿಟ್ಟ ಆ ಹಿರಿಯರ ಪ್ರಾಮಾಣಿಕತೆ ದೊಡ್ಡದು.

ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು 1834ರಲ್ಲಿ ನೆಲೆಯೂರಿದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ'ವು ಮರುವರ್ಷವೇ 'ಕನ್ನಡ ಸಮಾಚಾರ'ವಾಗಿ ಬಳ್ಳಾರಿಯಲ್ಲಿ ಮುದ್ರಣವಾಗತೊಡಗಿದ್ದು ಈ ಎರಡು ಬಳಗಗಳ ನಂಟಿಗೆ ಸಾಕ್ಷಿ. ಮೋಗ್ಲಿಂಗನೇ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದನು. ಫರ್ಡಿನಂಡ್ ಕಿಟ್ಟೆಲನು ಏಸುವಿನ ಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿಟ್ಟು 'ಕಥಾಮಾಲೆ'ಯೆಂದು 1862ರಲ್ಲಿ ಪ್ರಕಟಿಸಿದನು. ಪುರಾಣ ಪ್ರವಚನಕ್ಕೂ ಹರಿಕಥೆಗೂ ಒಗ್ಗಿದ ಕಿವಿಗೆ ಒಣ ವ್ಯಾಖ್ಯಾನವು ಹತ್ತದೆಂಬುದನ್ನು ಇವರು ಅರಿತಿದ್ದರು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಕ್ರೈಸ್ತ ಕೀರ್ತನೆಗೆ ಕೈ ಹಾಕಿದ್ದರ ಹಿಂದೆಯೂ ಇದೇ ಅರಿವು.

ಈ ಪರಂಪರೆಯಲ್ಲಿ ಕೇಳುವ ಗುಣವನ್ನು ಅದರ ತುದಿಗೆ ಒಯ್ದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಅವರ ಮನೆತನದ ಊರು ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಉತ್ತಂಗಿ. ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಸಾರುವುದು ಅವರ ವೃತ್ತಿ. ಆದರೆ ಕನ್ನಡಿಗರು ಅವರನ್ನು ನೆನೆಯುವುದು ಅವರು ಕೇಳಿಸಿಕೊಂಡದ್ದಕ್ಕಾಗಿ. ಓಲೆಗರಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಆಯ್ದು, ಶೋಧಿಸಿ, 1924ರಲ್ಲಿ ಅವರು ಪ್ರಕಟಿಸಿದ ಸಂಗ್ರಹವು ಇಂದಿಗೂ ಸರ್ವಜ್ಞನ ಅಧ್ಯಯನಕ್ಕೆ ತಳಹದಿ. ಅದಕ್ಕೆ ಮೂರು ವರ್ಷ ಮೊದಲು ಅವರು ಬರೆದ ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರನ್ನು ಗಮನಿಸಬೇಕು. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡಲಿಲ್ಲ, ಖಂಡನೆ ಮಾಡಲಿಲ್ಲ, ವಿನಂತಿ ಮಾಡಿಕೊಂಡಿತು. ವಿನಂತಿಗೆ 'ಇಲ್ಲ' ಎನ್ನುವ ಸ್ವಾತಂತ್ರ್ಯವು ಎದುರಿನವನಿಗೆ ಉಂಟು. ಇಂಥ ದನಿಯ ಪಾದ್ರಿಗಳನ್ನು ಕನ್ನಡ ನಾಡು 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು.

ಮುಂದಿನ ವರ್ಷ ಜಾರಿಗೆ ಬಂದ ಸಂವಿಧಾನವು ತನ್ನ 25ನೆಯ ಅನುಚ್ಛೇದದಲ್ಲಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಈ ಎರಡರ ನಡುವಣ ಗೆರೆ ಎಲ್ಲಿದೆಯೆಂಬ ವಾದ ಮುಗಿದಿಲ್ಲ. ವಿನಂತಿಯ ದನಿ ಆ ಗೆರೆಯನ್ನು ತುಳಿಯುವ ಸಂಭವ ಕಡಿಮೆ.

ಇನ್ನು ಬಯಲಿನ ದೊಡ್ಡ ಕೂಟಗಳ ಮಾತು. 1739ರಲ್ಲಿ ಬ್ರಿಸ್ಟಲ್ ನಗರದ ಬಳಿ ಜಾರ್ಜ್ ವೈಟ್‌ಫೀಲ್ಡನೂ ಅವನ ಹಿಂದೆಯೇ ಜಾನ್ ವೆಸ್ಲಿಯೂ ದೇವಾಲಯದ ಗೋಡೆ ದಾಟಿ ಬಯಲಿಗೆ ಬಂದರು; ಕಲ್ಲಿದ್ದಲ ಗಣಿಯ ಕೂಲಿಗಳು ಸಾವಿರಗಟ್ಟಲೆ ನೆರೆದರು. ವೈಟ್‌ಫೀಲ್ಡನು ಹೆಚ್ಚಿನ ವಾಗ್ಮಿ. ಆದರೂ ವೆಸ್ಲಿಯ ಕೆಲಸವೇ ಹೆಚ್ಚು ಉಳಿಯಿತು. ಅವನು ಕೇಳಿದವರನ್ನು ಹನ್ನೆರಡು ಹನ್ನೆರಡು ಮಂದಿಯ ಚಿಕ್ಕ ಗುಂಪುಗಳಾಗಿ ಸೇರಿಸಿ, ವಾರವಾರವೂ ಅವರ ಕಷ್ಟಸುಖ ವಿಚಾರಿಸುವ ಒಬ್ಬೊಬ್ಬ ಮುಖಂಡನನ್ನು ಇಟ್ಟದ್ದೇ ಕಾರಣ. ಕೇರಳದ ಮಾರಾಮಣ್ಣಿನಲ್ಲಿ 1895ರಿಂದ ಪಂಪಾ ನದಿಯ ಮರಳಿನ ಮೇಲೆ ವರ್ಷಕ್ಕೊಮ್ಮೆ ಒಂದು ವಾರ ನಡೆಯುವ ಮಹಾಕೂಟವೂ ನಿಂತಿರುವುದು ಊರೂರಿನ ಸಭೆಗಳ ಬಲದಿಂದಲೇ.

ಕನ್ನಡ ನಾಡಿನ ಕ್ರೈಸ್ತ ಸಭೆಗಳಲ್ಲಿಯೂ ಇಂದು ಉಜ್ಜೀವನ ಕೂಟಗಳಿಗೆ ಕೊರತೆಯಿಲ್ಲ. ಚಪ್ಪರ, ದೀಪ, ಧ್ವನಿವರ್ಧಕ. ಬರಲಾರದವರಿಗೆ ದೂರದರ್ಶನ, ಮೊಬೈಲು. ಒಂಟಿಯಾಗಿ ನಂಬಿ ಬದುಕುವ ಹಳ್ಳಿಯ ನಾಲ್ಕು ಮನೆಯವರು ಅಂಥ ಕೂಟದಲ್ಲಿ ಸಾವಿರ ಕಂಠಗಳೊಡನೆ ಹಾಡಿ ಹೊಸ ಧೈರ್ಯದಿಂದ ಹಿಂತಿರುಗುತ್ತಾರೆ. ಈ ಲಾಭವನ್ನು ಹಗುರವಾಗಿ ಕಾಣಲಾಗದು. ಆದರೆ ಧ್ವನಿವರ್ಧಕಕ್ಕೆ ಕಿವಿಯಿಲ್ಲ. ದೂರದಿಂದ ಬಂದ ಪ್ರಸಿದ್ಧ ಬೋಧಕನು ಮೂರನೆಯ ರಾತ್ರಿಯೇ ರೈಲು ಹತ್ತುವನು. ಕೂಟದಲ್ಲಿ ಕಣ್ಣೀರಿಟ್ಟು 'ಇನ್ನು ಕುಡಿಯೆನು' ಎಂದು ಆಣೆಯಿಟ್ಟ ಗೃಹಸ್ಥನ ಮನೆಗೆ ಸೋಮವಾರ ಸಂಜೆ, ಹೆಂಡದಂಗಡಿ ತೆರೆದಿರುವ ಹೊತ್ತಿಗೆ ಸರಿಯಾಗಿ, ಹೋಗಿ ಕುಳಿತುಕೊಳ್ಳಬೇಕಾದವರು ಊರಿನ ಸಭಾಪಾಲಕರು. ಅವರ ಹೆಸರು ಗೋಡೆಯ ಭಿತ್ತಿಪತ್ರದಲ್ಲಿ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ.