ಗ್ರಹಣ ಕೇಳಿಸುವ ಪೆಟ್ಟಿಗೆ

ಗ್ರಹಣದ ಪಾಠವೆಂದರೆ ಕಪ್ಪು ಕನ್ನಡಕ, ಬೋರ್ಡಿನ ಮೇಲೆ ಮೂರು ವೃತ್ತ. ಕಣ್ಣು ಕಾಣದ ಮಗು ಆ ಹೊತ್ತು ಸುಮ್ಮನೆ ಕೂತಿರಬೇಕು. ಆದರೆ 2024ರ ಏಪ್ರಿಲ್ 8ರಂದು ಅಮೆರಿಕದ ಆಸ್ಟಿನ್‌ನಲ್ಲಿರುವ ಅಂಧ ಮಕ್ಕಳ ಶಾಲೆಯ ಅಂಗಳದಲ್ಲಿ ಸೂರ್ಯಗ್ರಹಣ ಕಿವಿಗೆ ಬಿತ್ತು. ಕೇಳಿಸಿದ ಪುಟ್ಟ ಪೆಟ್ಟಿಗೆಯ ಹೆಸರು ಲೈಟ್‌ಸೌಂಡ್.

ಇದರ ಬೇರು ಪೋರ್ಟೊರಿಕೊದಲ್ಲಿದೆ. ಅಲ್ಲಿನ ವಾಂಡಾ ಡಿಯಾಸ್ ಮೆರ್ಸೆಡ್ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗಲೇ ಮಧುಮೇಹದಿಂದ ದೃಷ್ಟಿ ಕಳೆದುಕೊಂಡರು. ರೇಡಿಯೊ ಆಂಟೆನಾ ಹಿಡಿದ ಸಂಕೇತಗಳನ್ನು ಗೆಳೆಯರೊಬ್ಬರು ಕೇಳಿಸಿದ ಮೇಲೆ ಅವರಿಗೆ ದಾರಿ ಹೊಳೆಯಿತು: ನಕ್ಷೆಯ ಏರಿಳಿತವನ್ನು ಸ್ವರದ ಏರಿಳಿತವಾಗಿಸಿದರೆ ಖಗೋಳ ವಿಜ್ಞಾನ ಬಿಡಬೇಕಿಲ್ಲ. ನಾಸಾದಲ್ಲಿ ಅದಕ್ಕಾಗಿ ಒಂದು ತಂತ್ರಾಂಶದ ಮೇಲೆ ಕೆಲಸ ಮಾಡಿದರು, ಗ್ಲಾಸ್ಗೋದಲ್ಲಿ ಪಿಎಚ್.ಡಿ. ಪಡೆದರು. ಕಣ್ಣಿರುವ ಖಗೋಳಜ್ಞರೂ ಚಿತ್ರದ ಜೊತೆ ಸದ್ದು ಸೇರಿದಾಗ, ಗದ್ದಲದಲ್ಲಿ ಹುದುಗಿದ ಸಂಕೇತವನ್ನು ಚೆನ್ನಾಗಿ ಪತ್ತೆಹಚ್ಚುತ್ತಾರೆಂದು ಅವರ ಸಂಶೋಧನೆ ತೋರಿಸಿತು. ನನಗೆ ಮುಖ್ಯವೆನಿಸುವುದು ಇದೇ. ಸದ್ದಿನ ಈ ದಾರಿ ಕುರುಡರಿಗೆಂದು ಕೊಟ್ಟ ರಿಯಾಯಿತಿಯಲ್ಲ.

ಹಾಗೆ ನೋಡಿದರೆ ಅಳತೆಯನ್ನು ಸದ್ದಾಗಿಸುವುದು ಹೊಸತಲ್ಲ. ವಿಕಿರಣ ಅಳೆಯುವ ಗೈಗರ್ ಕೌಂಟರಿನ ಟಿಕ್ ಟಿಕ್ ಹಳೆಯದು. ಆಪರೇಷನ್ ಥಿಯೇಟರಿನಲ್ಲಿ ರಕ್ತದ ಆಮ್ಲಜನಕ ಕುಸಿದಾಗ ಬೀಪ್ ಸ್ವರವೂ ಇಳಿಯುತ್ತದೆ. ಪರದೆ ನೋಡದೆಯೇ ವೈದ್ಯರಿಗೆ ಗೊತ್ತಾಗುತ್ತದೆ. ಶಾಲೆಗೆ ಮಾತ್ರ ಈ ಉಪಾಯ ತಡವಾಗಿ ಬಂತು.

2017ರ ಆಗಸ್ಟ್ ಗ್ರಹಣ ಹತ್ತಿರವಾದಾಗ ಹಾರ್ವರ್ಡ್‌ನ ಆಲಿಸನ್ ಬೀರಿಲಾ, ಡಿಯಾಸ್ ಮೆರ್ಸೆಡ್ ಅವರ ಜೊತೆಗೂಡಿ ಲೈಟ್‌ಸೌಂಡ್ ಕಟ್ಟಿದರು. ಒಳಗಿರುವುದು ಒಂದು ಬೆಳಕಿನ ಸೆನ್ಸರ್, ಅದರ ಅಂಕಿಯನ್ನು ಸ್ವರವಾಗಿಸುವ ಸರ್ಕ್ಯೂಟ್ ಬೋರ್ಡು, ಅಷ್ಟೇ. ಮುಂದಿನ ಮಾದರಿಗಳಲ್ಲಿ ಬಿಸಿಲು ಪ್ರಖರವಾಗಿದ್ದಾಗ ಕೊಳಲು, ಮಂಕಾದಾಗ ಕ್ಲಾರಿನೆಟ್, ಕತ್ತಲಾದರೆ ಮೆಲ್ಲನೆಯ ಕ್ಲಿಕ್‌ಗಳು ಕೇಳಿಸುತ್ತವೆ.

ಸದ್ದಾದದ್ದೆಲ್ಲ ಪಾಠವಾಗುವುದಿಲ್ಲ. ನಾಸಾ 2022ರಲ್ಲಿ ಹರಿಬಿಟ್ಟ 'ಕಪ್ಪುಕುಳಿಯ ಸದ್ದು' ನೆನಪಿರಬಹುದು. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಒತ್ತಡದ ಅಲೆಗಳನ್ನು ಕಿವಿಗೆ ಕೇಳುವಂತೆ 57-58 ಸ್ಥಾಯಿ ಮೇಲೇರಿಸಿದ್ದು ಅದು. ಮೈ ಜುಂ ಎನ್ನುತ್ತದೆ, ನಿಜ. ಆದರೆ ಯಾವ ಸ್ವರ ಯಾವುದನ್ನು ಹೇಳುತ್ತಿದೆ ಎಂದು ಮೇಷ್ಟರು ಬಿಡಿಸಿ ಹೇಳದಿದ್ದರೆ ತರಗತಿ ಬೆರಗಾಗಿ ಮನೆಗೆ ಹೋಗುತ್ತದೆ, ಕಲಿಯುವುದೇನೂ ಇಲ್ಲ. ಲೈಟ್‌ಸೌಂಡ್‌ನಲ್ಲಿ ಆ ತಕರಾರಿಲ್ಲ. ಸೆನ್ಸರ್ ಮೇಲೆ ಅಂಗೈ ಅಡ್ಡ ಹಿಡಿದರೆ ಸ್ವರ ಇಳಿಯುತ್ತದೆ, ತೆಗೆದರೆ ಏರುತ್ತದೆ. ಬೆಳಕಿಗೂ ಸದ್ದಿಗೂ ಏನು ನಂಟೆಂದು ಮಗು ತಾನೇ ಕಂಡುಕೊಳ್ಳುತ್ತದೆ.

ಪೆಟ್ಟಿಗೆ ಕಟ್ಟುವ ವಿಧಾನವನ್ನು ತಂಡ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಹಾಗಾಗಿ 2024ರ ಗ್ರಹಣಕ್ಕೆ ನೂರಾರು ಪೆಟ್ಟಿಗೆಗಳು ಸಿದ್ಧವಾದವು. ಬೆಸುಗೆ ಹಾಕಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು.