ಸಂವೇದಕಗಳ ಮಾಹಿತಿ ಸಂಗ್ರಹಣೆಯಲ್ಲಿ ಡ್ರೋನ್ ಬಳಕೆ: ಸದಸ್ಯರ ಅವಗಾಹನೆಗಾಗಿ

ಕೊಳವೆಬಾವಿಯ ನೀರಿನ ಮಟ್ಟ, ಮಣ್ಣಿನ ತೇವಾಂಶ, ಕೆರೆಯ ಸಂಗ್ರಹ ಇವುಗಳನ್ನು ಅಳೆಯುವ ನಿಸ್ತಂತು ಸಂವೇದಕಗಳ, ಅಂದರೆ ಸೆನ್ಸರ್‌ಗಳ, ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಸದಸ್ಯರು ಮೊದಲು ವಿಚಾರಿಸಬೇಕಾದುದು ಬ್ಯಾಟರಿಯ ಆಯುಷ್ಯವನ್ನು. ಅಳೆಯುವುದಕ್ಕೆ ತಗಲುವ ವಿದ್ಯುತ್ ಸಾಮಾನ್ಯವಾಗಿ ಅಲ್ಪ. ಅಳತೆಯನ್ನು ರೇಡಿಯೊ ಮೂಲಕ ದೂರಕ್ಕೆ ಕಳುಹಿಸುವುದರಲ್ಲೇ ಬಹುಪಾಲು ವ್ಯಯವಾಗುತ್ತದೆ. ದೂರ 10 ಪಟ್ಟಾದರೆ ಅದೇ ಬಲದ ಸಂಕೇತ ತಲುಪಲು ಕನಿಷ್ಠ 100 ಪಟ್ಟು ಪ್ರಸಾರ ಶಕ್ತಿ ಬೇಕು. ಮರ, ದಿಬ್ಬ, ಎತ್ತರದ ಬೆಳೆ ಅಡ್ಡವಿದ್ದಲ್ಲಿ ಇನ್ನೂ ಅಧಿಕ.

ಒಂದು ಸಂವೇದಕ ಮತ್ತೊಂದಕ್ಕೆ ಮಾಹಿತಿ ದಾಟಿಸುವ ಕ್ರಮವೂ ಉಂಟು. ಆದರೆ ಕೇಂದ್ರಕ್ಕೆ ಸಮೀಪದವು ಉಳಿದೆಲ್ಲವುಗಳ ಹೊರೆ ಹೊತ್ತು ಮೊದಲು ಸ್ಥಗಿತಗೊಳ್ಳುತ್ತವೆ. ಬಳಿಕ ದೂರದವು ಸುಸ್ಥಿತಿಯಲ್ಲಿದ್ದರೂ ಮಾಹಿತಿ ಬಾರದು.

ಡ್ರೋನ್ ಪದ್ಧತಿಯಲ್ಲಿ ಸಂವೇದಕಗಳು ಬಹುಕಾಲ ನಿದ್ರಾಸ್ಥಿತಿಯಲ್ಲಿರುತ್ತವೆ. ಡ್ರೋನ್ ಸಮೀಪಿಸಿ ಸಂಕೇತ ನೀಡಿದಾಗ ಎಚ್ಚೆತ್ತು, ಕೂಡಿಟ್ಟ ಅಳತೆಗಳನ್ನು ಅಲ್ಪಾವಧಿಯಲ್ಲಿ ಒಪ್ಪಿಸಿ ಮತ್ತೆ ನಿದ್ರೆಗೆ ಜಾರುತ್ತವೆ. ಹೊರೆಯು ಸಂವೇದಕದಿಂದ ಡ್ರೋನ್‌ಗೆ ವರ್ಗವಾಗುತ್ತದೆ. ಅದನ್ನಾದರೋ ಪ್ರತಿ ಹಾರಾಟದ ನಂತರ ಚಾರ್ಜ್ ಮಾಡಬಹುದು. ಸಣ್ಣ ಡ್ರೋನ್ ಹಾರಬಲ್ಲುದು ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು ಮಾತ್ರ. ಆದ್ದರಿಂದ ಪ್ರತಿ ಸಂವೇದಕದ ಮೇಲೂ ಸುಳಿಯದೆ, ಗುಂಪುಗಳ ನಡುವೆ ನಿಂತು ಮಾಹಿತಿ ಪಡೆಯುವ ಮಾರ್ಗವನ್ನು ಮುಂಚಿತವಾಗಿ ರೂಪಿಸಲಾಗುತ್ತದೆ.

ವಾರಕ್ಕೊಮ್ಮೆ ತಿಳಿದರೆ ಸಾಕಾಗುವ ಅಂತರ್ಜಲ ಮಟ್ಟಕ್ಕೆ ಇದು ಒಪ್ಪುತ್ತದೆ. ಕ್ಷಣಕ್ಷಣದ ಪ್ರವಾಹ ಮುನ್ಸೂಚನೆಗೆ ಸಲ್ಲದು. ಕೊಳವೆಬಾವಿಗಳು ರಸ್ತೆಬದಿಯಲ್ಲೇ ಇದ್ದಲ್ಲಿ ನೀರುಗಂಟಿಯ ಕೈಗೊಂದು ಗ್ರಾಹಕ ಯಂತ್ರವನ್ನಿತ್ತರೂ ಇದೇ ಕಾರ್ಯ ನಡೆದೀತು. ಡ್ರೋನ್ ಬೇಕಾಗುವುದು ದಾರಿಯಿಲ್ಲದ ಗುಡ್ಡ, ಕಾಡಂಚುಗಳಿಗೆ. ಹಾರಾಟಕ್ಕೆ ಮುನ್ನ 2021ರ ಡ್ರೋನ್ ನಿಯಮಗಳನ್ವಯ ಆ ಪ್ರದೇಶ ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು ಪರಿಶೀಲಿಸತಕ್ಕದ್ದು.