ಸಫಾರಿಯ ದುಡ್ಡು ಯಾರ ಮನೆ ಸೇರುತ್ತದೆ?

ಶುಕ್ರವಾರ ಸಂಜೆ ಬೆಂಗಳೂರಿನ ಹೂಡಿ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಕಾರುಗಳಲ್ಲಿ ಬಂಡೀಪುರಕ್ಕೋ ಕಬಿನಿಗೋ ಹೊರಟವು ಕೆಲವಾದರೂ ಇರುತ್ತವೆ. ಕಾರಿಲ್ಲದವರಿಗೂ ದಾರಿಯಿದೆ: ನೇರಳೆ ಮಾರ್ಗದ ಮೆಟ್ರೊ ಹತ್ತಿ ದೀಪಾಂಜಲಿ ನಗರ ನಿಲ್ದಾಣ, ಹತ್ತಿರದ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಮೈಸೂರು, ಅಲ್ಲಿಂದ ಗುಂಡ್ಲುಪೇಟೆ. ಹುಲಿ ಕಂಡಿತೋ ಇಲ್ಲವೋ ಎಂಬ ವರದಿ ಸೋಮವಾರ ಆಫೀಸ್ ಕ್ಯಾಂಟೀನಿಗೆ ಬರುತ್ತದೆ. ಕೊಟ್ಟು ಬಂದ ದುಡ್ಡಿನಲ್ಲಿ, ಆನೆಗೆ ರಾಗಿಯನ್ನೂ ಹುಲಿಗೆ ದನವನ್ನೂ ಕಳೆದುಕೊಂಡ ಕಾಡಂಚಿನ ಮನೆಗೆ ಸಿಕ್ಕಿದ್ದೆಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ದುಡ್ಡು ಹಳ್ಳಿಗೆ ಹೋಗುವುದು ಹೇಗೆ, ಎಲ್ಲಿ ನಿಲ್ಲುತ್ತದೆ, ನೋಡೋಣ.

ಟಿಕೆಟ್ಟಿನ ದಾರಿ

ಬಂಡೀಪುರದ ಮೇಲುಕಾಮನಹಳ್ಳಿ ಕೌಂಟರಿನಲ್ಲಿ ಸಫಾರಿ ನಡೆಸುವುದು ಅರಣ್ಯ ಇಲಾಖೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಂತೆ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು. ಸ್ಥಳೀಯರನ್ನು ಸೇರಿಸಿಕೊಂಡು ಪರಿಸರ ಪ್ರವಾಸೋದ್ಯಮ ಬೆಳೆಸುವುದೂ ಅದರ ಕೆಲಸವೆಂದು ಕಾಯ್ದೆಯಲ್ಲೇ ಬರೆದಿದೆ. ಅಂದರೆ ಟಿಕೆಟ್ ಹಣದ ಒಂದು ಪಾಲು ಕಾಡಂಚಿನ ಊರಿಗೆ ಬರಬೇಕೆಂದು ಗ್ರಾಮಸ್ಥರು ಕೇಳಿದರೆ, ಅದಕ್ಕೆ ಕಾನೂನಿನ ಆಧಾರವಿದೆ.

ಕೋಣೆ ಬಾಡಿಗೆಯ ದಾರಿ

ಪ್ರವಾಸಿಯ ಜೇಬಿನಿಂದ ಹೆಚ್ಚು ಕರಗುವುದು ಇಲ್ಲಿ. ಖಾಸಗಿ ರೆಸಾರ್ಟ್ ಆದರೆ ಲಾಭ ಮಾಲೀಕರ ಊರಿಗೆ ಹೋಗುತ್ತದೆ. ಹಳ್ಳಿಗೆ ಸಿಗುವುದು ಸಂಬಳ ಮತ್ತು, ತರಕಾರಿ–ಹಾಲು ಅಲ್ಲೇ ಕೊಂಡರೆ, ಅದರ ಬೆಲೆ. ರಾಜ್ಯ ಸರ್ಕಾರ 1980ರಲ್ಲಿ ಸ್ಥಾಪಿಸಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನಲ್ಲಿ ತಂಗಿದರೆ ಲಾಭ ಸರ್ಕಾರಿ ಸಂಸ್ಥೆಯದು. ಹೋಂಸ್ಟೇಯಲ್ಲಿ ಮನೆಯವರೇ ಮಾಲೀಕರು. ದುಡ್ಡು ಹೆಚ್ಚು ತಿರುವಿಲ್ಲದೆ ಅಡುಗೆಮನೆ ಸೇರುತ್ತದೆ. ಆದರೆ ಬೆಂಗಳೂರಿನವರು ಜಮೀನು ಕೊಂಡು, ಕಾವಲುಗಾರನನ್ನಿಟ್ಟು ‘ಹೋಂಸ್ಟೇ’ ಬೋರ್ಡು ಹಾಕಿದ್ದರೆ ಅದು ಸಣ್ಣ ರೆಸಾರ್ಟು ಅಷ್ಟೆ.

ಕೂಲಿಯ ದಾರಿ

ಜೀಪ್ ಚಾಲಕ, ವಾಚರ್, ಮಾವುತ, ಕಾವಾಡಿ, ರೂಮು ಗುಡಿಸುವವರು, ಅಡುಗೆಯವರು. ಹೆಜ್ಜೆ ಗುರುತು ನೋಡಿಯೇ ಪ್ರಾಣಿ ಯಾವುದು, ಯಾವಾಗ ಹೋಯಿತು ಎಂದು ಹೇಳಬಲ್ಲ ಜೇನುಕುರುಬರು, ಸೋಲಿಗರು ಕಾಡಿನ ಮಟ್ಟಿಗೆ ಗುರುಗಳು. ಅವರನ್ನು ವಿವರಣೆ ಕೊಡುವ ಗೈಡ್ ಮಾಡಿದರೆ ಒಂದು ಸಂಬಳ, ಗೇಟು ಕಾಯಲು ನಿಲ್ಲಿಸಿದರೆ ಇನ್ನೊಂದು. ತರಬೇತಿಗೆ ಬೆಲೆ ಬರುವುದು ಇಲ್ಲೇ.

ಮಾತಿನ ಪಾಲು

ಮೂರು ದಾರಿಯಲ್ಲೂ ದುಡ್ಡು ಬಂದರೂ, ‘ಈ ಹಾದಿಯಲ್ಲಿ ವಾಹನ ಬೇಡ’ ಎನ್ನುವ ಅಧಿಕಾರ ಊರಿಗೆ ಇಲ್ಲದಿದ್ದರೆ ಅದು ಬರೀ ಕೂಲಿ. ನಾಗರಹೊಳೆಯ ಮುರ್ಕಲ್‌ನಲ್ಲಿ ತಾಜ್ ಸಮೂಹದ ಹೋಟೆಲಿಗೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಾಗ ಹಾಡಿಗಳ ಆದಿವಾಸಿಗಳನ್ನು ಯಾರೂ ಕೇಳಿರಲಿಲ್ಲ. ಅವರು ಸಂಘಟಿತರಾಗಿ ಹೋರಾಡಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟ್ ತೀರ್ಪು ಹೋಟೆಲಿನ ವಿರುದ್ಧ ಬಂತು. ಬಿಳಿಗಿರಿರಂಗನಬೆಟ್ಟದಲ್ಲಿ ಸೋಲಿಗರು ಬೇರೆ ಹಾದಿ ಹಿಡಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ 25 ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಮನ್ನಣೆ ದೇಶದಲ್ಲೇ ಮೊದಲು.

ಕೇಳುವ ಕಿವಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2025ರಲ್ಲಿ ಕಂಡಿತು. ಕಾಡಂಚಿನ ಸರಗೂರು ಸುತ್ತಮುತ್ತ ಹುಲಿ ದಾಳಿಗೆ ರೈತರು ಬಲಿಯಾದಾಗ, ಸಫಾರಿಯ ಗದ್ದಲಕ್ಕೇ ಹುಲಿಗಳು ಹೊಲಕ್ಕೆ ಬರುತ್ತಿವೆ ಎಂದು ಹಳ್ಳಿಗರು ಸಿಟ್ಟಿಗೆದ್ದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಆದೇಶಿಸಿದರು. ಆದರೆ ಸಫಾರಿ ನಿಂತರೆ ಕೂಲಿ ನಿಲ್ಲುವ ಚಾಲಕರೂ ಅಡುಗೆಯವರೂ ಇದೇ ಸೀಮೆಯವರು. ಇಂಥ ಇಕ್ಕಟ್ಟು ಬೀದಿಗೆ ಬರುವ ಮೊದಲೇ ಮಾತಾಡಲು ಜಾಗವೊಂದಿದೆ: ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಹೇಳುವ ಸ್ಥಳೀಯ ಸಲಹಾ ಸಮಿತಿ. ಪಂಚಾಯಿತಿಯವರಿಗೂ ಅದರಲ್ಲಿ ಕುರ್ಚಿಯಿದೆ. ಸಭೆ ಕರೆಯಬೇಕು, ಕುರ್ಚಿಯಲ್ಲಿ ಕೂತವರು ಬಾಯಿ ಬಿಡಬೇಕು.

ನೀವು ಮಾಡಬಹುದಾದದ್ದು

- ಹೋಂಸ್ಟೇ ಬುಕ್ ಮಾಡುವಾಗ ಎರಡೇ ಪ್ರಶ್ನೆ: ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ? ಮನೆಯವರು ಅಲ್ಲೇ ಇರುತ್ತಾರೆಯೇ?
- ರೆಸಾರ್ಟಿನಲ್ಲಿ ಸುತ್ತಲ ಹಳ್ಳಿಯವರು ಎಷ್ಟು ಜನ, ಯಾವ ಕೆಲಸದಲ್ಲಿದ್ದಾರೆ ಎಂದು ವಿಚಾರಿಸಿ. ಗಿರಾಕಿ ಕೇಳಿದ್ದು ಮ್ಯಾನೇಜರ್ ಕಿವಿಗೆ ಬೀಳುತ್ತದೆ.
- ಜೇನುತುಪ್ಪವನ್ನು ಬಿಳಿಗಿರಿರಂಗನಬೆಟ್ಟದ ಲ್ಯಾಂಪ್ಸ್ ಸೊಸೈಟಿಯಲ್ಲಿ ಕೊಳ್ಳಿ. ಅದು ಸೋಲಿಗರದೇ ಸಹಕಾರ ಸಂಘ.
- ಹುಲಿ ಹತ್ತಿರ ಹೋಗೆಂದು ಚಾಲಕನಿಗೆ ದುಂಬಾಲು ಬೀಳಬೇಡಿ. ನಿಯಮ ಮುರಿದರೆ ಕೆಲಸ ಹೋಗುವುದು ಅವನದು, ಫೋಟೊ ಮಾತ್ರ ನಿಮ್ಮದು.

ಸೋಮವಾರ ಕ್ಯಾಂಟೀನಿನಲ್ಲಿ ಹುಲಿ ಕಂಡಿತಾ ಎಂದು ಯಾರಾದರೂ ಕೇಳಿದರೆ, ಜೀಪು ಓಡಿಸಿದವನ ಊರು ಯಾವುದೆಂಬುದನ್ನೂ ಹೇಳುವಂತಿರಲಿ.